ಪೊನ್ನುತಾಯಿಯ ಕಡಲು

ಕಾಮಯಗೌಂಡನ್‌ಪಟ್ಟಿಯ ಜನವೆಲ್ಲ ದನಗಳ ಹಬ್ಬವಾದ ಆ ಮಾಟ್ಟುಪೊಂಗಲ್ ದಿನ ಕೈಮುಗಿದು ಬೇಡುತ್ತಿದ್ದದ್ದು ಒಂದೇ: ಸಾಮಿ, ಮಂದೆಯಿಂದ ಒಂದು ಹೋರಿ ಮುಂದೆ ಬಂದು ಈ ಕಬ್ಬು ತಿನ್ನಲಿ. ಅದೇ ಗುಂಪಿನ ನಡುವೆ, ಅಷ್ಟೇ ಭಕ್ತಿಯಿಂದ ಕೈಮುಗಿದು, ಸಾಮಿ, ಒಂದೂ ತಿನ್ನದೆ ಇರಲಿ ಅಂತ ಬೇಡುತ್ತಿದ್ದವಳು ಪೊನ್ನುತಾಯಿ ಒಬ್ಬಳೇ. ದೇವರ ಕೆಲಸಕ್ಕೆ ಅಡ್ಡ ಬರುವ ಹೆಂಗಸು ಅಂತ ಈಗಲೇ ಅವಳ ಮೇಲೆ ಸಿಟ್ಟಾಗಬೇಡಿ. ವಿಷಯ ಪೂರ್ತಿ ಕೇಳಿ, ಆಮೇಲೆ ಬೈಯುವುದಿದ್ದರೆ ಬೈಯಿರಿ.

ಇವರು ಕನ್ನಡದ ಒಕ್ಕಲು ಜನ. ಯಾವ ಕಾಲದಲ್ಲೋ, ಯಾವ ದೊರೆಯ ಕಾಟಕ್ಕೋ, ದನಕರು ಹೊಡೆದುಕೊಂಡು ಕಂಬಂ ಕಣಿವೆಗೆ ಬಂದು ಇಳಿದವರು. ಊರು ಬಿಟ್ಟರು, ಮಾತು ಬಿಡಲಿಲ್ಲ. ದನವನ್ನಂತೂ ಬಿಡಲೇ ಇಲ್ಲ. ಆಗ ಬಂದ ದನಗಳ ಸಂತತಿಯೇ ಈಗಿನ ದೇವರ ಆವು. ನಮ್ಮ ಕಡೆ ಆವು ಅಂದರೆ ಹಸು. ಇವರ ಬಾಯಲ್ಲಿ ಆ ಮಂದೆಯ ಹಸು, ಹೋರಿ, ಕರು ಎಲ್ಲವೂ ಆವೇ. ಅವಕ್ಕೆ ಮೂಗುದಾರವಿಲ್ಲ, ನೊಗವಿಲ್ಲ. ಹೊಡೆಯುವಂತಿಲ್ಲ, ಗದರುವಂತಿಲ್ಲ. ಬೆಳೆದು ನಿಂತ ಪೈರಿಗೆ ನುಗ್ಗಿದರೂ ಬದುವಿನ ಮೇಲೆ ನಿಂತು ಕೈಮುಗಿಯಬಹುದು, ಅಷ್ಟೇ.

ಈ ಮಂದೆಗೊಬ್ಬ ರಾಜ. ಅವನೇ ಪಟ್ಟದ ಆವು. ಹಳೆಯ ರಾಜ ತೀರಿಕೊಂಡರೆ ಹೊಸಬನನ್ನು ಆರಿಸುವುದು ಮನುಷ್ಯರಲ್ಲ. ಪೂಜೆ ಮಾಡಿದ ಕಬ್ಬಿನ ಕಟ್ಟನ್ನು ಮಂದೆಯ ಮುಂದಿಡುತ್ತಾರೆ. ತಾನಾಗಿ ಬಂದು ಬಾಯಿ ಹಾಕಿದ ಹೋರಿಗೆ ಪಟ್ಟ. ಒಂದೂ ಬಾರದಿದ್ದರೆ ಮುಂದಿನ ತಿಂಗಳ ಹುಣ್ಣಿಮೆಗೆ ಮತ್ತೆ ಇಡುತ್ತಾರೆ. ಪಟ್ಟ ಸಿಕ್ಕ ಹೋರಿಯನ್ನು ಅವತ್ತೇ ಬಯಲಿಗೆ ಬಿಡುತ್ತಾರೆ, ಅದು ಮೊದಲು ಎಲ್ಲಿ ಮಲಗುತ್ತದೋ ಆ ಹೊಲ ಬದುವಿನಿಂದ ಬದುವಿಗೆ ರಾಜನದು. ಆಮೇಲೆ ಅಲ್ಲಿ ನೇಗಿಲು ಇಳಿಯುವಂತಿಲ್ಲ, ಹಾರೆ ಸನಿಕೆ ಮುಟ್ಟಿಸುವಂತಿಲ್ಲ. ಹಿಂದಿನ ರಾಜ ಹೋಗಿ ಮಲಗಿದ್ದು ಊರ ಹಿರಿಯ ಕಾಳಿಮುತ್ತು ಗೌಂಡರ ಗದ್ದೆಯಲ್ಲಿ, ಅದೂ ನಾಟಿಗೆ ಕೆಸರು ಮಾಡಿಟ್ಟ ಗದ್ದೆಯಲ್ಲಿ. ಇಡೀ ಬಯಲಿಗೇ ಚಿನ್ನದಂಥ ಭೂಮಿ ಅದು. ಈಗಲೂ ಅಲ್ಲಿ ಗರಿಕೆ ಬೆಳೆಯುತ್ತದೆ, ಗೌಂಡರು ದಿನಾ ಅದರ ಪಕ್ಕ ನಡೆದು ಹೋಗುವಾಗ ಮುಖ ಇನ್ನೊಂದು ಕಡೆ ತಿರುಗಿಸುತ್ತಾರೆ.

ಇದರಲ್ಲಿ ಮೋಸ ಮಾಡಲು ನೋಡಿದವರೂ ಇದ್ದರು. ಬೆಲ್ಲ ಹಿಡಿದು, ಹಿಂಡಿ ಹಿಡಿದು, ರಾಜನನ್ನು ಪಕ್ಕದವನ ಹೊಲಕ್ಕೆ ಕರೆದೊಯ್ದ ಪುಣ್ಯಾತ್ಮರು. ಅದಕ್ಕೇ ಕಟ್ಟಳೆ ಆಯಿತು: ಮತ್ತೊಬ್ಬನ ಹೊಲಕ್ಕೆ ಆಸೆ ತೋರಿಸಿ ಕರೆದವನು ಕುಲದಿಂದ ಹೊರಗೆ. ತನ್ನ ಹೊಲಕ್ಕೆ ತಾನೇ ಕರೆಯಬಾರದು ಅಂತ ಮಾತ್ರ ಯಾರೂ ಕಟ್ಟಳೆ ಮಾಡಿರಲಿಲ್ಲ. ಅಂಥ ಹುಚ್ಚರೂ ಇರುತ್ತಾರೆ ಅಂತ ಯಾರಿಗೆ ಹೊಳೆಯಬೇಕು?

ಇನ್ನು ಬಟ್ಟೆಯ ಮಾತು. ಹೊಸ ರಾಜ ಮಂದೆಯ ಮುಂದೆ ಮೇವಿಗೆ ಹೊರಡುವ ಮೊದಲು ಅವನ ಭುಜಕ್ಕೊಂದು ಬಟ್ಟೆ, ಕೊಂಬಿಗೊಂದು ಬಟ್ಟೆ. ಎರಡೂ ಕೆಂಪು. ಆ ಕೆಂಪು ಬರಬೇಕಾದ್ದು ಸಾಯಬೇರಿನಿಂದ. ಕಡಲಂಚಿನ ಮರಳಲ್ಲಿ ತಾನಾಗಿ ಹುಟ್ಟುವ ಒಂದು ಬಡಪಾಯಿ ಗಿಡದ ಬೇರು ಅದು. ಗೇಣುದ್ದ ಗಿಡ, ಎಳೆಯಂಥ ಎಲೆ, ಎಳ್ಳಿನಷ್ಟು ಬಿಳಿ ಹೂವು. ಮೇಲೆ ನೋಡಿದರೆ ಮೇಕೆಯೂ ಮೂಸದು ಅನ್ನಿಸಬೇಕು. ಬೇರಿನ ಸಿಪ್ಪೆ ಕುದಿಸಿದರೆ ಮಾತ್ರ ಅಬ್ಬಬ್ಬಾ, ಆ ಕೆಂಪು! ಒಗೆದಷ್ಟೂ ಹೊಳೆಯುತ್ತದೆ.

ಆ ಗಿಡವೇ ಪೊನ್ನುತಾಯಿಯ ತಲೆಗೇರಿ ಕೂತಿತ್ತು. ಹತ್ತಿದ್ದು ದಿಂಡಿಗಲ್ಲಿನ ಸಂತೆಯಲ್ಲಿ. ಹೋದ ವರ್ಷ ಗಂಡ ಮಾಯಾಂಡಿಯ ಜೊತೆ ಗಾಡಿ ಕಟ್ಟಿಕೊಂಡು ಹುಣಸೆಹಣ್ಣು ಮಾರಿ ದವಸದ ವಾಡೆಗೊಂದು ಬೀಗ ತರಲು ಹೋಗಿದ್ದಳು. ಮಾಯಾಂಡಿ ಬೀಗದಂಗಡಿಯಲ್ಲಿ ಒಂದೊಂದನ್ನೂ ಎಳೆದು ಜಗ್ಗಿ ಪರೀಕ್ಷೆ ಮಾಡುತ್ತಿದ್ದಾಗ ಇವಳು ಬೇರು ಮಾರುವ ರಾಜಮ್ಮಾಳನ್ನು ಹುಡುಕಿಕೊಂಡು ಹೋದಳು. ರಾಜಮ್ಮಾಳ್ ಮಂಡಪಂ ಕಡೆಯ ಕಡಲಂಚಿನವಳು, ಪ್ರತಿವರ್ಷ ಬೇರಿನ ಹೊರೆ ಹೊತ್ತು ಅರ್ಧ ದಾರಿ ಗಾಡಿ, ಅರ್ಧ ದಾರಿ ರೈಲು ಹಿಡಿದು ಬರುತ್ತಿದ್ದಳು. ಆ ಸಲ ಅವಳ ಮುಂದೆ ಹೊರೆಯೇ ಇಲ್ಲ. ಮಡಿಲಲ್ಲಿ ಒಂದು ಪುಟ್ಟ ಗಂಟು ಮಾತ್ರ.

"ಬೇರು ಎಲ್ಲಿ ಅಕ್ಕಾ?" ಅಂದಳು ಪೊನ್ನುತಾಯಿ.

ರಾಜಮ್ಮಾಳ್ ಹೇಳಿದ್ದು ತಮಿಳಿನಲ್ಲಿ. ನಾನು ನಮ್ಮ ಮಾತಲ್ಲಿ ಹೇಳುತ್ತೇನೆ. "ಬೇರು ಎಲ್ಲಿಂದ ಬರಬೇಕು ತಾಯಿ? ಮೊದಲು ನಾವು ಬೀಜ ಉದುರಿದ ಮೇಲೆ ಅಗೆಯುತ್ತಿದ್ದೆವು. ಸೀಮೆಯಿಂದ ಡಬ್ಬಿಯಲ್ಲಿ ಕೆಂಪು ಪುಡಿ ಬಂತು, ಬೇರಿನ ಬೆಲೆ ಬಿತ್ತು. ಬೆಲೆ ಬಿದ್ದರೆ ಅಗೆಯುವುದು ನಿಲ್ಲಬೇಕಲ್ಲ? ಇಲ್ಲ! ಹೊಟ್ಟೆಗೆ ಸಾಲದು ಅಂತ ಎರಡರಷ್ಟು ಅಗೆದರು. ಹೂವಿರುವಾಗಲೇ ಕಿತ್ತರು. ಉಳಿದ ಜಾಗದಲ್ಲಿ ಉಪ್ಪಿನ ಪಾತಿ ಕಟ್ಟಿದರು, ತೆಂಗು ನೆಟ್ಟರು. ಅದರಲ್ಲೂ ಉಳಿದಿದ್ದನ್ನು ಬೇಸಿಗೆಯಲ್ಲಿ ಮೇಕೆ ಮೇಯ್ದವು. ನಮ್ಮ ಅಯ್ಯನಾರ್ ಗುಡಿಯ ಸುತ್ತ ಬೇಲಿ ಹಾಕಿ ಒಂದಷ್ಟು ಮರಳು ಕಾಯುವುದಕ್ಕೆ ಊರವರು ಈಗ ಒಪ್ಪಿದ್ದಾರೆ. ಬೇಲಿ ಬರುತ್ತದೆ, ಒಳಗೆ ಹಾಕಲು ಬೀಜ ಇಷ್ಟೇ." ಗಂಟು ಬಿಚ್ಚಿ ತೋರಿಸಿದಳು. ಧೂಳಿನಷ್ಟು ಸಣ್ಣ ಬೀಜ, ಒಂದು ಚಿಟಿಕೆ. "ಎಲ್ಲ ಅಲ್ಲೇ ಹಾಕಿ ಅಲ್ಲೇ ಹಾಳಾದರೆ ಮುಗಿಯಿತು. ಅಗೆಯುವ ಕೈ ಇಲ್ಲದ ದೂರದ ಊರಲ್ಲಿ ಯಾರಾದರೂ ಬೆಳೆದು ಬೀಜ ಹೆಚ್ಚಿಸಿ ಕೊಡುವುದಾದರೆ..."

ಮಾತು ಮುಗಿಯುವುದಕ್ಕೇ ಬಿಡಲಿಲ್ಲ ಪೊನ್ನುತಾಯಿ. ಸೆರಗು ಒಡ್ಡಿಯೇ ಬಿಟ್ಟಳು. ಬೀಜ ಕಂಡರೆ ಬಿಡುವ ಪೈಕಿಯೇ ಅಲ್ಲ ಅವಳು. ತಿಂದ ಹಣ್ಣಿನ ಬೀಜವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬರುವವಳು. ಅರ್ಧ ಚಿಟಿಕೆ ರಾಜಮ್ಮಾಳಿನ ಬಳಿ ಉಳಿಯಿತು, ಅರ್ಧ ಚಿಟಿಕೆ ಕಂಬಂ ಕಣಿವೆಗೆ ಹೊರಟಿತು. "ಬೆಳೆದು ಕೊಡ್ತೀನಿ ಅಕ್ಕಾ. ಬರೋ ಮಾಸಿ ತಿಂಗಳಲ್ಲಿ, ಶಿವರಾತ್ರಿ ಹೊತ್ತಿಗೆ ಬಾ," ಅಂತ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಆಮೇಲೆ ಆದದ್ದು ಕೇಳಿ. ಇವರು ಹುಟ್ಟು ಒಕ್ಕಲಿಗರು. ಬೀಜ ಅಂದಮೇಲೆ ಒಳ್ಳೆಯ ಭೂಮಿ, ಗೊಬ್ಬರ, ನೀರು, ಇನ್ನೇನು? ಮಾಯಾಂಡಿ ಉತ್ಸಾಹದಲ್ಲಿ ಬಾವಿ ಹೊಲದ ಎರೆಮಣ್ಣು ಹದ ಮಾಡಿದ, ಕುರಿ ಹಟ್ಟಿಯ ಗೊಬ್ಬರ ಸುರಿದ, ಹೊತ್ತು ಹೊತ್ತಿಗೆ ಕಪಿಲೆ ಹೊಡೆದು ನೀರು ಬಿಟ್ಟ. ಗಿಡ ಬಂತು ನೋಡಿ, ಸೊಪ್ಪು ಸೊಪ್ಪಾಗಿ, ಮೊಣಕಾಲೆತ್ತರ! ಗಂಡ ಹೆಂಡತಿ ಇಬ್ಬರೂ ಹಿಗ್ಗಿ ಹೀರೆಕಾಯಿ ಆದರು. ಒಂದು ಹೂವೂ ಬಿಡಲಿಲ್ಲ. ಒಂದು ಗಿಡ ಕಿತ್ತು ನೋಡಿದರೆ ಬೇರು ಮೂಲಂಗಿಯ ಬಾಲದ ಹಾಗೆ ಬೆಳ್ಳಗೆ. ಮುಂದಿನ ಮಳೆಗೆ ಅಷ್ಟೂ ಕೊಳೆತು ಹೋಯಿತು. ಅಕ್ಕರೆ ಮಾಡಿಯೇ ಕೊಂದಿದ್ದರು.

ಮಡಕೆಯ ತಳದಲ್ಲಿ ಬೂದಿಯಲ್ಲಿ ಹುದುಗಿಸಿಟ್ಟ ಒಂದಿಷ್ಟು ಬೀಜ ಉಳಿದಿತ್ತು. ಪೊನ್ನುತಾಯಿ ಈ ಸಲ ಗಂಡನನ್ನು ಹತ್ತಿರ ಸೇರಿಸಲಿಲ್ಲ. ಸುರುಳಿಯಾರು ಹೊಳೆಯ ಮರಳನ್ನು ಬುಟ್ಟಿ ಬುಟ್ಟಿ ಹೊತ್ತು ತಂದು ಬಾವಿ ಹೊಲದ ಮೂಲೆಯಲ್ಲಿ ಸುರಿದಳು. ಗೊಬ್ಬರವಿಲ್ಲ, ನೀರೂ ಅಷ್ಟಕ್ಕಷ್ಟೆ. ಊರು ನಕ್ಕಿತು. ಅತ್ತೆ ಮೂಕಮ್ಮಾಳ್ ಬೆಳಗಾದರೆ ಅದೇ ಕೇಳುವುದು: "ಏನ್ ತಾಯೀ, ನಿನ್ ಕಡಲಿಗೆ ಅಲೆ ಬಂತಾ? ಮೀನು ಸಿಕ್ಕಿದ್ರೆ ಕೊಳಂಬು ಸಾರಿಗೆ ಕೊಡು." ಅವತ್ತಿನಿಂದ ಆ ಮರಳಿಗೆ ಪೊನ್ನುತಾಯಿ ಕಡಲು ಅಂತಲೇ ಹೆಸರಾಯಿತು.

ಆ ಕಡಲಲ್ಲಿ ಈಗ ಗಿಡ ನಿಂತಿತ್ತು. ಬಡಕಲು, ಗೇಣುದ್ದ, ಬೂದು ಹಸಿರು. ಅದರ ಮೇಲೆ ಹೂವು, ಹೂವಿನ ಹಿಂದೆ ಸಾಸಿವೆಗಿಂತ ಸಣ್ಣ ಕಾಯಿ! ಅವಳು ದಿನಾ ಬಗ್ಗಿ ನೋಡುತ್ತಿದ್ದಳು. ಕಾಯಿ ಇನ್ನೂ ಹಸಿರು. ಮಾಸಿಯ ಹೊತ್ತಿಗೆ ಒಣಗಿ ಬಿರಿಯಬೇಕು. ಅಷ್ಟರೊಳಗೆ ಪಟ್ಟದ ಆವು ತೀರಿಕೊಂಡಿತು.

ಕಾಳಿಮುತ್ತು ಗೌಂಡರು ಬೇರಿಗಾಗಿ ದಿಂಡಿಗಲ್ಲಿಗೇ ಹೋಗಿ ಬಂದರು. ಸಂತೆಯೆಲ್ಲ ಜಾಲಾಡಿದರೂ ಸಿಕ್ಕಿದ್ದು ಡಬ್ಬಿ ಮಾತ್ರ. ವಾಪಸು ಬಂದವರೇ ನೇರ ಬಾವಿ ಹೊಲಕ್ಕೆ ಬಂದು ಮರಳಿನ ಮುಂದೆ ನಿಂತರು. ಅವರು ಮಾಯಾಂಡಿಯ ಅಪ್ಪನ ಅಣ್ಣ. ಪೊನ್ನುತಾಯಿಗೆ ದೊಡ್ಡ ಮಾಮ.

"ಡಬ್ಬಿ ಕೆಂಪು ದೇವರ ಮೈಮೇಲಾ? ನನ್ ಉಸಿರಿರೋ ತನಕ ಆಗಾದಿಲ್ಲ," ಅಂದರು. "ನಿನ್ ಕಡಲಲ್ಲಿ ಐತಲ್ಲ, ಅದೇ ಸಾಕು."

"ದೊಡ್ಡ ಮಾಮಾ, ಕಾಯಿ ಹಸಿರೈತೆ. ಮಾಸಿ ತನಕ ಬುಡಿ. ಬೀಜ ಎತ್ಕೊಂಡ ಮೇಲೆ ಬೇರು ಎಲ್ಲಾ ನಿಮ್ದೇ. ಈಗ ಅಗೆದ್ರೆ ಈ ಜಾತಿನೇ ಇಲ್ಲಾಂತ ಆಗ್ಬುಡ್ತದೆ!"

"ನಾನಾ ಹೊತ್ತು ಗೊತ್ತು ಮಾಡಾದು? ಪೊಂಗಲಿಗೆ ಆವು ಕಬ್ಬು ತಿಂದ್ರೆ ಅಗೆಯಾದೇ. ತಿನ್ನಲಿಲ್ಲಾಂದ್ರೆ ಮಾಸಿ ಹುಣ್ಣಿಮೆ ತನಕ ನಿನ್ ಗಿಡ ಇರ್ಲಿ. ದೇವರು ಹೇಳ್ಲಿ." ಗೌಂಡರು ಕೆಟ್ಟವರಲ್ಲ. ಕಟ್ಟಳೆ ಅಂದರೆ ಕಟ್ಟಳೆ, ಅಷ್ಟೇ ಅವರಿಗೆ ಗೊತ್ತು.

ಈಗ ಗೊತ್ತಾಯಿತೇ, ಪೊನ್ನುತಾಯಿ ಯಾಕೆ ತಿರುಗಾಮುರುಗಾ ಬೇಡಿಕೊಳ್ಳುತ್ತಿದ್ದಳು ಅಂತ?

ಉರುಮಿ ಡೋಲು ಮೊಳಗಿತು. ದೊಡ್ಡಿಯ ಬಾಗಿಲು ತೆರೆಯಿತು. ಅರಿಶಿನ ಹಚ್ಚಿದ ಕಬ್ಬಿನ ಕಟ್ಟು ಮುಂದಿತ್ತು. ಮೊದಲು ಒಂದು ಬಿಳಿ ಹೋರಿ ಬಂತು, ಮೂಸಿತು. ಪೊನ್ನುತಾಯಿ ಕಣ್ಣು ಮುಚ್ಚಿದಳು. ಹೋರಿ ತುಸ್ಸೆಂದು ಸೀನಿ ಪಕ್ಕಕ್ಕೆ ಹೋಯಿತು. ಜನ "ಅಯ್ಯೋ" ಅಂದರು, ಇವಳೂ "ಅಯ್ಯೋ" ಅಂದಳು, ಸ್ವಲ್ಪ ಜಾಸ್ತಿಯೇ ಗಟ್ಟಿಯಾಗಿ. ಇನ್ನೊಂದು ಹೋರಿ ಕಬ್ಬನ್ನು ಕೊಂಬಿನಲ್ಲಿ ತಳ್ಳಿ ಹೋಯಿತು. ಮತ್ತೊಂದು ಕಬ್ಬಿನ ಪಕ್ಕ ಸೆಗಣಿ ಹಾಕಿ ಹೋಯಿತು. ಬಿಸಿಲೇರಿತು, ಉರುಮಿಯವನ ಕೈ ಸೋತಿತು. ಮಂದೆ ಮರದ ನೆರಳಿಗೆ ಸರಿದು ಮೆಲುಕು ಹಾಕುತ್ತ ನಿಂತಿತು. ಒಂದೂ ಕಬ್ಬಿಗೆ ಬಾಯಿ ಹಾಕಲಿಲ್ಲ!

"ಸಾಮಿಗೆ ಮನಸ್ಸಿಲ್ಲ. ಮಾಸಿ ಹುಣ್ಣಿಮೆಗೆ ನೋಡುವಾ," ಅಂದರು ಗೌಂಡರು. ಪೂಜೆಯ ಕಬ್ಬನ್ನು ಮುರಿದು ಮನೆಮನೆಗೆ ಎರಡೆರಡು ತುಂಡು ಹಂಚಿದರು.

ಪೊನ್ನುತಾಯಿ ತನ್ನ ತುಂಡು ಹಿಡಿದು ಓಡಿದಳು. ನಡೆಯಲಾಗದು, ಅಷ್ಟು ಖುಷಿ! ಗಿಡಗಳಿಗೆ ಹೇಳಬೇಕು, ಬದುಕಿಕೊಂಡಿರಿ, ಇನ್ನೂ ಹೊತ್ತಿದೆ ಅಂತ. ಬಾವಿ ಹೊಲದ ಬದು ಹತ್ತಿದವಳು ಅಲ್ಲೇ ಕಲ್ಲಾದಳು.

ಮರಳಿನ ಮೇಲೆ ಒಂದು ಹೋರಿ ನಿಂತಿತ್ತು. ದೇವರ ಮಂದೆಯದೇ, ಹರೆಯದ್ದು, ಬೂದುಗಪ್ಪಿನ ಮೈಲ ಬಣ್ಣದ್ದು. ಗದ್ದಲಕ್ಕೆ ಬೆದರಿಯೋ ಏನೋ ಬೆಳಿಗ್ಗೆಯೇ ತಪ್ಪಿಸಿಕೊಂಡು ಬಂದಿರಬೇಕು. ಮೂಲೆಯ ಗಿಡಗಳು ಆಗಲೇ ಅದರ ಹೊಟ್ಟೆ ಸೇರಿದ್ದವು. ಈಗ ಕಾಯಿ ತುಂಬಿದ ಸಾಲಿಗೆ ಬಾಯಿ ನೀಡುತ್ತಿತ್ತು.

ಏನು ಮಾಡುವುದು? ಕಲ್ಲು ಎತ್ತುವಂತಿಲ್ಲ. "ಹೋ" ಅನ್ನುವಂತಿಲ್ಲ. ಅವಳ ಬಾಯಿ ತೆರೆಯಿತು, ಕೈಯಿಂದ ತಾನೇ ಮುಚ್ಚಿಕೊಂಡಳು. "ಸಾಮೀ, ಬೇಡ ಸಾಮೀ, ಅದು ನಿಂದಲ್ಲ, ಕಡಲಿಂದು," ಅಂತ ಪಿಸುಗುಟ್ಟಿದಳು. ಹೋರಿಗೆ ಕಡಲೂ ಒಂದೇ ಕಣಿವೆಯೂ ಒಂದೇ. ಇನ್ನೊಂದು ಗಿಡ ಕಿತ್ತಿತು. ಆಗ ಅವಳಿಗೆ ತನ್ನ ಕೈಯಲ್ಲಿ ಕಬ್ಬಿರುವುದು ನೆನಪಾಯಿತು. ಹಿಂದೆಮುಂದೆ ನೋಡದೆ ಮೂತಿಯ ಮುಂದೆ ಹಿಡಿದಳು.

ಹೋರಿ ಮೂಸಿತು. ನಾಲಗೆ ಚಾಚಿತು. ಕರಕರ ಅಂತ ಅಗಿಯತೊಡಗಿತು. ಅವಳು ಹಿಂದೆ ಹೆಜ್ಜೆಯಿಟ್ಟಳು, ಅದು ಮುಂದೆ ಹೆಜ್ಜೆಯಿಟ್ಟಿತು. ಹಾಗೇ ಹಿಂದುಹಿಂದಕ್ಕೆ ನಡೆಯುತ್ತ ಅದನ್ನು ಮರಳಿನಿಂದ ಇಳಿಸಿ, ಹೊಲ ದಾಟಿಸಿ, ಬದುವಿನಾಚೆ ಊರ ದಾರಿಗೆ ತಂದಳು. ಗೆದ್ದೆ! ಅಂದುಕೊಂಡು ತಿರುಗಿ ನೋಡುತ್ತಾಳೆ, ಊರೇ ನಿಂತಿದೆ! ಮಂದೆಯಲ್ಲಿ ಒಂದು ಕಡಿಮೆಯಾದದ್ದು ಕಂಡು ಹುಡುಕಿಕೊಂಡು ಬಂದಿದ್ದರು. ಎಲ್ಲರ ಕಣ್ಣು ಹೋರಿಯ ಬಾಯಲ್ಲಿದ್ದ ಅರಿಶಿನದ ಕಬ್ಬಿನ ಮೇಲೆ.

"ಪೂಜೆ ಕಬ್ಬು!" ಅಂತ ಯಾರೋ ಕೂಗಿದರು. "ಆವು ತಿಂತು! ರಾಜ ಸಿಕ್ಕಿದ!"

ಹೆಂಗಸರು ನಾಲಗೆ ಹೊರಳಿಸಿ ಕುಲವೆ ಹಾಕಿದರು. ಸೋತಿದ್ದ ಉರುಮಿಗೆ ಮತ್ತೆ ಜೀವ ಬಂತು. ಮೂಕಮ್ಮಾಳ್ ಓಡಿ ಬಂದು ಸೊಸೆಯ ಕೆನ್ನೆ ಹಿಂಡಿ, "ನನ್ ಬಂಗಾರ, ನಿನ್ ಕೈಯಿಂದ ತಿಂತಲ್ಲೇ!" ಅಂತ ಕುಣಿದಳು. ಊರಿಗೆಲ್ಲ ಹಬ್ಬ, ಪೊನ್ನುತಾಯಿಯ ಗಿಡಕ್ಕೆ ಸಾವು. ಅದೂ ತನ್ನ ಕೈಯಾರೆ.

ಗೌಂಡರು ಹೋರಿಗೆ ಅಡ್ಡಬಿದ್ದು ಎದ್ದರು. ಸಂತೋಷಕ್ಕೆ ಅವರ ಮೀಸೆ ನಡುಗುತ್ತಿತ್ತು. "ಕೇಳಿದ್ದಕ್ಕೆ ದೇವರು ಹೇಳ್ಬುಟ್ಟ, ಪೊನ್ನುತಾಯಿ. ನನ್ ಮೇಲೆ ಬೇಸರ ಬೇಡ. ರಾಜ ಮಲಗ್ಲಿ, ಜಾಗ ಗುರುತು ಮಾಡಿ, ಆಮೇಲೆ ಹಾರೆ ತರುವಾ."

ರಾಜನ ದಾರಿ ಬಿಟ್ಟು ಎಲ್ಲರೂ ಸರಿದರು. ಅಲ್ಲಿಂದ ಶುರುವಾಯಿತು ನೋಡಿ ಊರ ಗಂಡಸರ ಪರದಾಟ! ಹೇಳಬೇಕಾದ ಇನ್ನೊಂದು ಮಾತಿದೆ. ಮೇಲೆ ಬೆಟ್ಟದಲ್ಲಿ ಬಿಳಿ ದೊರೆಗಳು ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಪಡುವಣಕ್ಕೆ ಹರಿಯುವ ನೀರನ್ನು ಗುಡ್ಡ ಕೊರೆದು ಈ ಕಣಿವೆಗೆ ತಿರುಗಿಸುತ್ತಾರಂತೆ, ಇನ್ನೊಂದು ಮಳೆಗಾಲ ಕಳೆದರೆ ಎಲ್ಲರ ಹೊಲಕ್ಕೂ ನೀರಂತೆ. ಹಾಗಾಗಿ ಪ್ರತಿಯೊಬ್ಬನಿಗೂ ತನ್ನ ಅಂಗೈಯಗಲ ಭೂಮಿಯೂ ಬಂಗಾರ. ರಾಜ ಯಾರ ಬದುವಿನ ಹತ್ತಿರ ಬಂದರೂ ಅವನ ಮುಖ ಬಿಳಿಚುತ್ತಿತ್ತು, ಬಾಯಲ್ಲಿ ಮಾತ್ರ "ಬಾ ಸಾಮೀ, ಭಾಗ್ಯ ಸಾಮೀ." ಹೋರಿ ಮುಂದೆ ಹೋದರೆ ಹಿಂದೆ ನಿಟ್ಟುಸಿರು ಕೇಳುತ್ತಿತ್ತು.

ರಾಜ ನಡೆದೂ ನಡೆದೂ ಕಾಳಿಮುತ್ತು ಗೌಂಡರ ಉಳಿದಿದ್ದ ಇನ್ನೊಂದು ಗದ್ದೆಗೆ ಇಳಿದ. ನಡುವೆ ನಿಂತ. ಮುಂಗಾಲು ಮಡಿಸಿದ. ಅಷ್ಟರಲ್ಲಿ ಮೂಗಿಗೊಂದು ನೊಣ ಕಚ್ಚಿತೋ ಏನೋ, ರಾಜ ಮುಸುಗುಟ್ಟಿ ಎದ್ದು ಮತ್ತೆ ದಾರಿಗೆ ಬಂದ. ಗೌಂಡರು ತಲೆಯ ರುಮಾಲು ತೆಗೆದು ಬೆವರು ಒರೆಸಿಕೊಂಡರು. ದೇವರ ಮುಂದೆ ಹಾಗೆ ಒರೆಸಿಕೊಂಡದ್ದಕ್ಕೆ ಆಮೇಲೆ ಅವರಿಗೇ ನಾಚಿಕೆಯಾಯಿತು.

ಅದನ್ನು ನೋಡುತ್ತಿದ್ದಂತೆ ಪೊನ್ನುತಾಯಿಯ ತಲೆಯಲ್ಲಿ ಮಿಂಚು ಹೊಡೆಯಿತು. ರಾಜ ಮಲಗಿದ ಹೊಲಕ್ಕೆ ಹಾರೆ ಇಳಿಯುವಂತಿಲ್ಲ! ಹಾರೆ ಇಳಿಯದಿದ್ದರೆ ಬೇರು ಬರುವುದಿಲ್ಲ. ಕೈಯಲ್ಲಿ ಕಿತ್ತರೆ ಆ ಬೇರು ಕುತ್ತಿಗೆಯಲ್ಲೇ ತುಂಡಾಗುತ್ತದೆ. ಕಾಯಿ ಬಿಡಿಸಲು ಕಬ್ಬಿಣ ಬೇಕಿಲ್ಲ, ಬೆರಳು ಸಾಕು. ಆದರೆ ಬದುವಿನಿಂದ ಬದುವಿಗೆ! ಮರಳು ಮಾತ್ರ ಅಲ್ಲ, ಬಾವಿ ಹೊಲವೇ ಹೋಗುತ್ತದೆ. ಅವರಿಗಿದ್ದ ಒಳ್ಳೆಯ ಭೂಮಿ ಅದೊಂದೇ. ಹೊಸ ನೀರು ಬಂದ ಕೂಡಲೇ ಅಲ್ಲಿ ಬಾಳೆ ಹಾಕಬೇಕು ಅಂತ ಮಾಯಾಂಡಿ ವರ್ಷದಿಂದ ಕನಸು ಕಾಣುತ್ತಿದ್ದ.

ಅವಳು ಗುಂಪಿನಲ್ಲಿ ಗಂಡನ ಹತ್ತಿರ ನುಗ್ಗಿ ತೋಳು ಹಿಡಿದಳು. ಇವರಲ್ಲಿ ಗಂಡನನ್ನೂ ಮಾಮ ಅಂತಲೇ ಕರೆಯುವುದು. "ಮಾಮಾ."

"ಏನು?"

"ರಾಜನ್ನ ನಮ್ ಹೊಲಕ್ಕೆ ಕರೀತೀನಿ."

ಮಾಯಾಂಡಿ ಅವಳ ಮುಖ ನೋಡಿದ. "ಪೈತ್ಯ ಹಿಡೀತಾ ನಿಂಗೆ? ಬಾವಿ ಹೊಲ ಹೋಗ್ತದೆ!"

"ಹೋಗ್ತದೆ. ಗೊತ್ತು. ನಾವು ಬಾಳೆ ಇನ್ನೊಂದು ಕಡೆ ಹಾಕ್ಬೌದು ಮಾಮಾ. ಈ ಗಿಡನ ಇನ್ನೆಲ್ಲಿಂದ ತರಾದು? ಆ ಅಕ್ಕ ಬಂದು ಸೆರಗೊಡ್ಡಿದ್ರೆ ನಾನು ಅವಳ ಮುಖ ಹೆಂಗೆ ನೋಡ್ಲಿ?" ಅವಳು ಅವನ ತೋಳನ್ನು ಇನ್ನೂ ಬಿಗಿ ಹಿಡಿದಳು. "ಒಂದು ಸಲ ನಾವೇ ಕೊಂದಿದ್ದೀವಿ."

ಆ ಕೊನೆಯ ಮಾತು ಮಾಯಾಂಡಿಗೆ ನಾಟಿತು. ಗೊಬ್ಬರ ಸುರಿದದ್ದು ಅವನ ಕೈ. ಕೊಳೆತ ಗಿಡವನ್ನು ಬಾಚಿ ಎಸೆದದ್ದೂ ಅವನೇ. ಅವತ್ತು ಊಟ ಮಾಡಿರಲಿಲ್ಲ. ಅವನು ಒಂದು ಸಲ ಬಾವಿ ಹೊಲದ ಕಡೆ ನೋಡಿದ, ಒಂದು ಸಲ ಬೆಟ್ಟದ ಕಡೆ ನೋಡಿದ. ಆಮೇಲೆ ಮನೆಗೆ ಸಿಕ್ಕಿದ್ದ ಕಬ್ಬಿನ ಇನ್ನೊಂದು ತುಂಡನ್ನು ಮೂಕಮ್ಮಾಳಿನ ಕೈಯಿಂದ ಕಿತ್ತುಕೊಂಡ. "ಏಯ್, ಏನ್ಲಾ ಅದು?" ಅಂತ ತಾಯಿ ಕೂಗಿದಳು. ಅವನು ಆಗಲೇ ರಾಜನ ಮುಂದಿದ್ದ.

"ಬಾ ಸಾಮೀ," ಅಂದ. "ನಮ್ ಹೊಲಕ್ಕೆ ಬಾ."

ಊರು ಗಕ್ಕನೆ ನಿಂತಿತು. ಉರುಮಿಯವನ ಕೋಲು ಮೇಲೆತ್ತಿದಲ್ಲೇ ಉಳಿಯಿತು. ಗೌಂಡರು, "ಏ ಮಾಯಾಂಡಿ! ಕರೆಯಾದಾ?" ಅಂತ ಗುಡುಗಿದರು.

ಉತ್ತರ ಕೊಟ್ಟದ್ದು ಪೊನ್ನುತಾಯಿ. ದೊಡ್ಡ ಮಾಮನ ಎದುರು ತಲೆಯೆತ್ತಿ ಮಾತಾಡಿದ್ದು ಅದೇ ಮೊದಲು. "ಮತ್ತೊಬ್ಬರ ಹೊಲಕ್ಕೆ ಕರೀಬಾರ್ದು ಅಂತ ಕಟ್ಟಳೆ, ದೊಡ್ಡ ಮಾಮಾ. ಇದು ನಮ್ ಹೊಲ."

ಗೌಂಡರು ಕಟ್ಟಳೆಗಳನ್ನೆಲ್ಲ ಮನಸ್ಸಲ್ಲೇ ತಿರುವಿ ಹಾಕಿದರು. ಇಲ್ಲ ಅನ್ನಲು ಕಟ್ಟಳೆ ಸಿಗಲಿಲ್ಲ.

ಮಾಯಾಂಡಿ ಮುಂದೆ, ರಾಜ ಹಿಂದೆ, ರಾಜನ ಹಿಂದೆ ಊರು. ಬದು ದಾಟಿದರು. ಕಬ್ಬು ಮುಗಿಯಿತು. ರಾಜ ಮರಳ ಹತ್ತಿರ ನಿಂತು ಕಿವಿ ಬೀಸಿದ. ಮಲಗುವ ಲಕ್ಷಣವೇ ಇಲ್ಲ. ಮಾಯಾಂಡಿ ಹತ್ತಿರ ಹೋಗಿ ಗಂಗೆದೊಗಲು ನೀವತೊಡಗಿದ, ಹಟ್ಟಿಯಲ್ಲಿ ತನ್ನ ಎತ್ತುಗಳಿಗೆ ನೀವುವ ಹಾಗೆ, ಮೇಲಿಂದ ಕೆಳಕ್ಕೆ, ನಿಧಾನವಾಗಿ. "ಬಿಸಿಲಲ್ಲಿ ನಡೆದಿದ್ದೀಯ. ಮರಳು ಬೆಚ್ಚಗೈತೆ. ಮಲಕ್ಕೋ ರಾಜಾ." ಹೋರಿ ಕತ್ತು ಚಾಚಿತು. ಕಣ್ಣು ಅರೆ ಮುಚ್ಚಿತು. ಮುಂಗಾಲು ಮಡಿಸಿತು, ಹಿಂಗಾಲು ಮಡಿಸಿತು, ದೊಡ್ಡದೊಂದು ನಿಟ್ಟುಸಿರು ಬಿಟ್ಟು ಪೊನ್ನುತಾಯಿಯ ಕಡಲಿನ ದಡದಲ್ಲಿ ಮಲಗಿತು. ಒಂದಷ್ಟು ಗಿಡ ತೊಡೆಯ ಕೆಳಗೆ ಸಿಕ್ಕಿ ಚಪ್ಪಟೆಯಾದವು. ಉಳಿದವು ನಿಂತಿದ್ದವು!

ಪೊನ್ನುತಾಯಿ ನಕ್ಕಳು, ಅತ್ತಳು, ಎರಡೂ ಒಟ್ಟಿಗೇ ಬಂತು. ಮೂಕಮ್ಮಾಳ್ ತಲೆಮೇಲೆ ಕೈಹೊತ್ತು ಬದುವಿನ ಮೇಲೆ ಕೂತಳು. "ಹೊಲ ಹೋಯ್ತು, ನನ್ ಹೊಲ ಹೋಯ್ತು," ಅಂತ ಗೋಳಾಡಿದಳು. ಹಾಗೆ ಗೋಳಾಡುತ್ತಲೇ ರಾಜನಿಗೆ ಕೈಮುಗಿದಳು, ಪಾಪ.

ಕಾಳಿಮುತ್ತು ಗೌಂಡರು ಹಾರೆ ಹಿಡಿದು ಬಂದವನಿಗೆ ಕೈಸನ್ನೆ ಮಾಡಿ ಹಿಂದಕ್ಕೆ ಕಳಿಸಿದರು. "ನನ್ ಗದ್ದೆ ಹೋದಾಗ ನಾನು ತಿಂಗಳು ಬೈಕೊಂಡೆ, ಒಳಗೊಳಗೇ," ಅಂದರು ಕೊನೆಗೆ. "ಇವತ್ತೂ ಎರಡನೇದು ಹೋಗ್ತದಲ್ಲಾಂತ ಬೆವತ್ಬುಟ್ಟೆ. ಕರೆದು ಕೊಟ್ಟೋರನ್ನ ಈಗ್ಲೇ ನೋಡಿದ್ದು." ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ ಎಂದಿನ ಗತ್ತು ಬಂತು. "ಬೆಳ್ಳಗೆ ಹೊದಿಸಿ ರಾಜನಿಗೆ! ಕೊಂಬಿಗೆ ಬಟ್ಟೆ ಈಗ ಬೇಡ. ಕೆಂಪಿಲ್ಲದೆ ಕೊಂಬಿಗೆ ಕಟ್ಟಾದಿಲ್ಲ."

ಹಾಗೆ ಆ ವರ್ಷ ಪಟ್ಟದ ಆವು ಬಿಳಿ ಹೊದ್ದುಕೊಂಡು, ಬರಿ ಕೊಂಬಿನಲ್ಲಿ ಮೇವಿಗೆ ಹೋಯಿತು.

ಮಾಸಿಯಲ್ಲಿ ರಾಜಮ್ಮಾಳ್ ಬಂದಳು. ದಿಂಡಿಗಲ್ಲಿನಿಂದ ಸಿಕ್ಕ ಗಾಡಿ ಹಿಡಿದು, ಉಳಿದದ್ದು ನಡೆದು, ಕಾಲೆಲ್ಲ ಕೆಂಪು ಧೂಳು. ತನ್ನ ಕಡೆಯ ಅರ್ಧ ಚಿಟಿಕೆ ಮೊಳೆತೇ ಇರಲಿಲ್ಲವಂತೆ. ಬೇಲಿ ಎದ್ದಿದೆ, ಒಳಗೆ ಬರಿ ಮರಳು. ಅದನ್ನು ಹೇಳುವಾಗಲೇ ಅವಳ ಮುಖ, ಇಲ್ಲ ಅನ್ನುವ ಮಾತು ಕೇಳಲು ತಯಾರಾಗಿ ನಿಂತಿತ್ತು. ಪೊನ್ನುತಾಯಿ ಅವಳ ಕೈಹಿಡಿದು ಎಳೆದುಕೊಂಡು ಓಡಿದಳು. ಮರಳಿನ ಮುಂದೆ ನಿಲ್ಲಿಸಿದಳು.

ಕಾಯಿ ಒಣಗಿ ಕಂದಾಗಿ ನಿಂತಿದ್ದವು. ರಾಜಮ್ಮಾಳ್ ಮಂಡಿಯೂರಿ ಒಂದನ್ನು ಉಗುರಿನಲ್ಲಿ ಒಡೆದು ಅಂಗೈಗೆ ಸುರಿದುಕೊಂಡಳು. ಕಪ್ಪು ಧೂಳು. "ಇದೇ, ಇದೇ ಅಮ್ಮಾ!" ಅಂತ ಕಿರುಚಿ ಪೊನ್ನುತಾಯಿಯನ್ನು ತಬ್ಬಿಕೊಂಡಳು. ಇಬ್ಬರೂ ಮರಳಿನಲ್ಲಿ ಹುಡುಗಿಯರ ಹಾಗೆ ಉರುಳುವುದೊಂದು ಬಾಕಿ.

ಕಬ್ಬಿಣ ಸೋಕದೆ, ಬೆರಳಲ್ಲೇ, ಮನೆಮಂದಿಯೆಲ್ಲ ಸೇರಿ ಕಾಯಿ ಬಿಡಿಸಿದರು. ಒಂದು ಸಾಲನ್ನು ಉದುರಲು ಹಾಗೇ ಬಿಟ್ಟರು. ಮೂಕಮ್ಮಾಳ್ ಎಲ್ಲರಿಗಿಂತ ಚುರುಕು. ಉದುರಿದ್ದನ್ನು ಒಂದೊಂದಾಗಿ ಹೆಕ್ಕುತ್ತ, "ನನ್ ಹೊಲದ ಬೆಲೆ ಇದು, ಒಂದೂ ಬುಡಬೇಡಿ," ಅಂತ ಗದರುತ್ತಿದ್ದಳು. ಅಷ್ಟೂ ಸೇರಿ ಎರಡು ಹಿಡಿ ಆಯಿತು. ಅರ್ಧ ಚಿಟಿಕೆಯಿಂದ ಎರಡು ಹಿಡಿ!

ಕಟ್ಟಲು ಬಟ್ಟೆ ಹುಡುಕುತ್ತಿದ್ದಾಗ ಕಾಳಿಮುತ್ತು ಗೌಂಡರು ಬಂದರು. ಕೈಯಲ್ಲಿ ಮಡಿಸಿದ ಬಿಳಿ ಬಟ್ಟೆ. ರಾಜನ ಕೊಂಬಿಗೆ ಅಂತ ನೇಯಿಸಿ ಇಟ್ಟದ್ದು.

"ಇದ್ರಲ್ಲಿ ಕಟ್ಟು," ಅಂದರು.

ರಾಜಮ್ಮಾಳ್ ಗಾಬರಿಯಾದಳು. "ಅಯ್ಯೋ, ದೇವರದ್ದಲ್ಲವಾ ಐಯಾ?"

"ದೇವರದ್ದೇ. ಅದ್ಕೇ ಕೊಡ್ತಿರಾದು. ನಿನ್ ಬೇಲಿ ಒಳಗೆ ಬಿತ್ತು. ಒಂದು ಸಲ ಅಲ್ಲ, ಮನಸಾರೆ ಉದುರ್ಲಿ ಬೀಜ. ಮರಳು ತುಂಬಿದ ಮೇಲೆ, ಮೊದಲನೇ ಬೇರಿನ ಬಣ್ಣ ಈ ಬಟ್ಟೆಗೆ ಕಟ್ಟಿ ಕಳಿಸು. ಬೆಳ್ಳಗೆ ಹೋಗ್ತೈತೆ, ಕೆಂಪಗೆ ಬರ್ಬೇಕು. ಅಲ್ಲಿ ತನಕ ನಮ್ ರಾಜ ಬರಿ ಕೊಂಬಲ್ಲೇ ಇರ್ತಾನೆ. ಕಾಯ್ತಾನೆ."

"ತುಂಬ ವರ್ಷ ಆಗಬಹುದು ಐಯಾ."

"ಆಗ್ಲಿ. ನಾನಿದ್ರೆ ನಾನು ಕಟ್ತೀನಿ ಕೊಂಬಿಗೆ." ಗೌಂಡರು ಬಟ್ಟೆಯನ್ನು ರಾಜಮ್ಮಾಳಿಗೆ ಕೊಡಲಿಲ್ಲ. ಪೊನ್ನುತಾಯಿಯ ಕೈಗೆ ಕೊಟ್ಟರು. ಆ ಬಟ್ಟೆಯನ್ನು ಆವರೆಗೆ ಯಾವ ಹೆಂಗಸೂ ಮುಟ್ಟಿದ್ದಿಲ್ಲ. "ನಾನಿಲ್ಲಾಂದ್ರೆ, ಇವಳು ಕಟ್ಟಲಿ."

ಪೊನ್ನುತಾಯಿಗೆ ಕಣ್ಣು ಮಂಜಾಗಿ ಬಟ್ಟೆಯ ಅಂಚು ಕಾಣಲಿಲ್ಲ. ತಡವರಿಸಿ ಬೀಜ ಸುರಿದಳು, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದಳು, ಬಿಚ್ಚಿಹೋಗದಿರಲಿ ಅಂತ ಹಲ್ಲಿನಿಂದ ಕಚ್ಚಿ ಬಿಗಿದಳು, ಆಮೇಲೆ ಅದನ್ನು ರಾಜಮ್ಮಾಳಿನ ಸೆರಗಿಗೆ ಹಾಕಿದಳು.